ನಾಚಿ ಜಲಪಾತವನ್ನು ನಡೆದು ನೋಡುವುದು: ಜಪಾನಿನ ಕುಮಾನೊ ಸೀಮೆಗೊಂದು ಮಾರ್ಗದರ್ಶಿ

ಜಪಾನಿಗೆ ಹೋಗುವ ನಮ್ಮವರ ಪ್ರವಾಸ ಸಾಮಾನ್ಯವಾಗಿ ಟೋಕಿಯೊ, ಫ್ಯೂಜಿ, ಕ್ಯೋಟೊ, ಒಸಾಕಾಗಳ ನಡುವೆಯೇ ಸುತ್ತಿ ಮುಗಿದುಹೋಗುತ್ತದೆ. ಒಸಾಕಾದಿಂದ ದಕ್ಷಿಣಕ್ಕೆ, ಶಾಂತಸಾಗರದೊಳಗೆ ಚಾಚಿಕೊಂಡಿರುವ ಕೀ ಪರ್ಯಾಯದ್ವೀಪದ ಕೆಳ ಅಂಚಿನಲ್ಲಿ ಕುಮಾನೊ ಎಂಬ ಸೀಮೆಯಿದೆ. ಬುಲೆಟ್ ರೈಲು ಅಲ್ಲಿಗೆ ಹೋಗುವುದಿಲ್ಲ; ದೊಡ್ಡ ಊರುಗಳೂ ಇಲ್ಲ. ಅಲ್ಲಿನ ನಾಚಿಕತ್ಸುಉರಾ ಎಂಬ ಮೀನುಗಾರರ ಪಟ್ಟಣದ ಹಿಂದಿನ ಕಾಡಿನಲ್ಲಿ ನಾಚಿ ಜಲಪಾತ ಧುಮುಕುತ್ತದೆ. ಎತ್ತರ 133 ಮೀಟರ್, ಅಗಲ 13 ಮೀಟರ್, ಕೆಳಗಿನ ಮಡುವಿನ ಆಳ ಸುಮಾರು 10 ಮೀಟರ್. ಅಂದರೆ ಜೋಗದ ಅರ್ಧಕ್ಕಿಂತ ತುಸು ಹೆಚ್ಚು ಎತ್ತರ ಅಷ್ಟೇ. ಎತ್ತರವನ್ನೂ ಅಬ್ಬರವನ್ನೂ ಅರಸಿ ಹೋಗುವವರಿಗೆ ಇದು ನಿರಾಸೆ ತಂದೀತು. ಆದರೆ ಇಲ್ಲಿ ಜಲಪಾತವೇ ದೇವರು. ಅದರ ಬುಡದಲ್ಲಿರುವ ಹಿರೊ ಜಿಂಜಾ ಎಂಬ ದೇವಾಲಯಕ್ಕೆ ಗರ್ಭಗುಡಿಯಿಲ್ಲ, ವಿಗ್ರಹವಿಲ್ಲ. ಭಕ್ತರು ನೀರಿಗೇ ಎದುರಾಗಿ ನಿಂತು ತಲೆಬಾಗುತ್ತಾರೆ.

ಬಹುತೇಕ ಪ್ರವಾಸಿ ಬಸ್ಸುಗಳು ಜಲಪಾತದ ಎದುರಿನ ನಿಲ್ದಾಣದಲ್ಲಿ ಜನರನ್ನು ಇಳಿಸಿ, ಫೋಟೊ ತೆಗೆಯಲು ಅರ್ಧ ಗಂಟೆ ಕೊಟ್ಟು ಮತ್ತೆ ಹತ್ತಿಸಿಕೊಂಡು ಹೋಗಿಬಿಡುತ್ತವೆ. ಈ ಸ್ಥಳವನ್ನು ನೋಡಲು ಇದಕ್ಕಿಂತ ಕೆಟ್ಟ ಕ್ರಮ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಕೆಳಗಿನಿಂದ ಹಳೆಯ ಕಲ್ಲುದಾರಿಯಲ್ಲಿ ಹತ್ತಿ, ದೇವಸ್ಥಾನಗಳನ್ನು ದಾಟಿ, ಜಲಪಾತವನ್ನು ಕೊನೆಗೆ ತಲುಪಬೇಕು. ಅದಕ್ಕಾಗಿ ಊರಿನಲ್ಲಿ ಕನಿಷ್ಠ ಎರಡು ರಾತ್ರಿಯಾದರೂ ತಂಗಬೇಕು. ಮುಂದಿನ ವಿವರಗಳೆಲ್ಲ ಆ ಲೆಕ್ಕದಲ್ಲಿವೆ.

ಕಾಲ ನೋಡಿ ಹೊರಡಿ

ಕೀ ಪರ್ಯಾಯದ್ವೀಪ ಜಪಾನಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲೊಂದು. ಸಮುದ್ರದಿಂದ ಬರುವ ಹಸಿಗಾಳಿ ಕರಾವಳಿಗೆ ಒತ್ತಿಕೊಂಡೇ ನಿಂತಿರುವ ಬೆಟ್ಟಗಳಿಗೆ ಬಡಿದು ಮಳೆಯಾಗುತ್ತದೆ. ಪಶ್ಚಿಮಘಟ್ಟದ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೂನ್ ಆರಂಭದಿಂದ ಜುಲೈ ನಡುವಿನವರೆಗೆ ಜಡಿಮಳೆಯ ಕಾಲ, ಆಗಸ್ಟ್ ಮತ್ತು ಸೆಪ್ಟೆಂಬರ್ ಚಂಡಮಾರುತದ ಕಾಲ. 2011ರ ಸೆಪ್ಟೆಂಬರ್‌ನಲ್ಲಿ ಬಂದ ಚಂಡಮಾರುತವೊಂದು ನಾಚಿ ಹೊಳೆಯ ಕಣಿವೆಯಲ್ಲಿ ಭೂಕುಸಿತ ಮತ್ತು ಪ್ರವಾಹ ತಂದು ಅಪಾರ ಸಾವುನೋವಿಗೆ ಕಾರಣವಾಯಿತು. ಆದ್ದರಿಂದ ಮಳೆ ಬಂದರೆ ನೀರು ಹೆಚ್ಚುತ್ತದೆ ಎಂಬ ಆಸೆಯಿಂದ ಸೆಪ್ಟೆಂಬರ್ ಆರಿಸಿಕೊಳ್ಳುವುದು ಜಾಣತನವಲ್ಲ. ಜಲಪಾತ ವರ್ಷವಿಡೀ ಬತ್ತುವುದಿಲ್ಲ. ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ ಇಲ್ಲವೇ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ ಹೋಗುವುದು ಒಳ್ಳೆಯದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ಸಾಲು ರಜೆಗಳಿರುವುದರಿಂದ ಆ ವಾರವನ್ನು ಮಾತ್ರ ಬಿಟ್ಟುಬಿಡಿ. ಆಗ ಕೊಠಡಿ ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ.

ಇದಕ್ಕೊಂದು ಅಪವಾದವಿದೆ. ಜುಲೈ 14ರಂದು ನಾಚಿಯಲ್ಲಿ ಬೆಂಕಿಯ ಹಬ್ಬ ನಡೆಯುತ್ತದೆ. ಸುಮಾರು 6 ಮೀಟರ್ ಎತ್ತರದ, ಬೀಸಣಿಗೆಗಳಿಂದ ಅಲಂಕರಿಸಿದ ಹನ್ನೆರಡು ಉತ್ಸವ ಮಂಟಪಗಳು ಬೆಟ್ಟದಿಂದ ಜಲಪಾತದ ಕಡೆಗೆ ಬರುವಾಗ, ಬಿಳಿ ಉಡುಪಿನ ಗಂಡಸರು ತಲಾ 50 ಕಿಲೊಗಿಂತ ಹೆಚ್ಚು ತೂಗುವ ಉರಿಯುವ ಪಂಜುಗಳನ್ನು ಹೊತ್ತು ಮೆಟ್ಟಿಲ ದಾರಿಯಲ್ಲಿ ಎದುರುಗೊಂಡು ದಾರಿಯನ್ನು ಶುದ್ಧಗೊಳಿಸುತ್ತಾರೆ. ಸೆಕೆ, ಮಳೆ, ಜನಜಂಗುಳಿ ಮೂರನ್ನೂ ತಾಳಿಕೊಳ್ಳುವ ಮನಸ್ಸಿದ್ದರೆ ಆ ದಿನಕ್ಕೆ ತಿಂಗಳುಗಳ ಮೊದಲೇ ಕೊಠಡಿ ಕಾಯ್ದಿರಿಸಿ.

ವೀಸಾ, ರೈಲು, ಹಣ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ 2024ರ ಏಪ್ರಿಲ್‌ನಿಂದ ಪ್ರವಾಸದ ಇ-ವೀಸಾ ಸಿಗುತ್ತಿದೆ. ಅರ್ಜಿಯನ್ನು ವಿಎಫ್‌ಎಸ್ ಕೇಂದ್ರದ ಮೂಲಕ ಸಲ್ಲಿಸಬೇಕು. ಒಂದು ಬಾರಿಯ ಪ್ರವೇಶಕ್ಕೆ ಗರಿಷ್ಠ 90 ದಿನಗಳ ವಾಸ್ತವ್ಯದ ಅನುಮತಿ ದೊರೆಯುತ್ತದೆ. ವಿಮಾನ ನಿಲ್ದಾಣದಲ್ಲಿ ಇದನ್ನು ಇಂಟರ್‌ನೆಟ್ ಸಂಪರ್ಕವಿರುವ ಮೊಬೈಲ್ ಪರದೆಯ ಮೇಲೆ ನೇರವಾಗಿ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್ ಅಥವಾ ಮುದ್ರಿಸಿದ ಪ್ರತಿಯನ್ನು ಒಪ್ಪುವುದಿಲ್ಲವಾದ್ದರಿಂದ ಡೇಟಾ ಸಂಪರ್ಕದ ವ್ಯವಸ್ಥೆಯನ್ನು ಭಾರತದಿಂದ ಹೊರಡುವ ಮೊದಲೇ ಮಾಡಿಕೊಳ್ಳಿ.

ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಅಲ್ಲಿಂದ ಕುಮಾನೊಗೆ ಮೂರು ದಾರಿ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ನಗೋಯಾಕ್ಕೆ ಹೋಗಿ, ಅಲ್ಲಿ ನಾಂಕಿ ಎಂಬ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ನಾಚಿಕತ್ಸುಉರಾ ಪಟ್ಟಣದ ಕೀ-ಕತ್ಸುಉರಾ ನಿಲ್ದಾಣ ಬರುತ್ತದೆ. ಒಸಾಕಾ ಕಡೆಯಿಂದ ಬರುವವರು ಶಿನ್-ಒಸಾಕಾದಲ್ಲಿ ಕುರೊಶಿಯೊ ಎಕ್ಸ್‌ಪ್ರೆಸ್ ಹಿಡಿಯಬೇಕು. ಅದಕ್ಕೂ ಹೆಚ್ಚುಕಡಿಮೆ ನಾಲ್ಕು ಗಂಟೆಯೇ. ಮೂರನೆಯದು ಟೋಕಿಯೊದ ಇನ್ನೊಂದು ವಿಮಾನ ನಿಲ್ದಾಣವಾದ ಹನೇದಾದಿಂದ ನಾಂಕಿ-ಶಿರಹಾಮಾಕ್ಕೆ ಒಳನಾಡಿನ ವಿಮಾನ. ನನ್ನ ಮತ ಒಸಾಕಾ ದಾರಿಗೆ, ಏಕೆಂದರೆ ಕೊನೆಯ ಎರಡು ಗಂಟೆಗಳ ಕಾಲ ರೈಲು ಕಡಲಿನ ಮಗ್ಗುಲಲ್ಲೇ ಓಡುತ್ತದೆ. ಎರಡೂ ಎಕ್ಸ್‌ಪ್ರೆಸ್‌ಗಳು ಈ ಊರಿನವರೆಗೆ ಬರುವುದು ದಿನಕ್ಕೆ ಕೆಲವೇ ಬಾರಿ. ಹಾಗಾಗಿ ಮೊದಲು ರೈಲಿನ ಸಮಯ ನೋಡಿ, ಅನಂತರ ಉಳಿದ ದಿನಚರಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ದೇಶಾದ್ಯಂತ ನಡೆಯುವ ಏಳು ದಿನಗಳ ರೈಲ್ವೆ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಮ್ಮೆಗೇ 50,000 ಯೆನ್‌ಗೆ ಏರಿತು. ಈ ಪ್ರವಾಸಕ್ಕೆಂದೇ ಅದನ್ನು ಕೊಳ್ಳುವುದು ದಂಡ. ಒಸಾಕಾ ಸುತ್ತಮುತ್ತಲ ಐದು ದಿನಗಳ ಕನ್ಸಾಯ್ ವೈಡ್ ಏರಿಯಾ ಪಾಸ್ ಕುರೊಶಿಯೊ ರೈಲಿಗೂ ನಡೆಯುತ್ತದೆ. ಹೋಗಿಬರುವ ಟಿಕೆಟ್ ದರದೊಂದಿಗೆ ಅದನ್ನು ಹೋಲಿಸಿ ನೋಡಿ. ನಾಂಕಿ ರೈಲು ನಡುವೆ ಸ್ವಲ್ಪ ದೂರ ಇಸೆ ರೈಲ್ವೆ ಎಂಬ ಬೇರೆ ಸಂಸ್ಥೆಯ ಹಳಿಯ ಮೇಲೆ ಓಡುತ್ತದೆ. ದೇಶವ್ಯಾಪಿ ಪಾಸ್ ಇದ್ದರೂ ಅಷ್ಟು ದೂರಕ್ಕೆ ಪ್ರತ್ಯೇಕ ಹಣ ಕೇಳುತ್ತಾರೆ, ಗಾಬರಿಯಾಗಬೇಡಿ.

ನೋಟು ಮತ್ತು ಚಿಲ್ಲರೆ ಎರಡನ್ನೂ ಧಾರಾಳವಾಗಿ ಇಟ್ಟುಕೊಳ್ಳಿ. ಹಳ್ಳಿಗಾಡಿನ ಬಸ್ಸು, ದೇವಸ್ಥಾನ, ಸಣ್ಣ ಹೋಟೆಲುಗಳಲ್ಲಿ ಕಾರ್ಡ್ ನಡೆಯುತ್ತದೆ ಎಂಬ ಭರವಸೆಯಿಲ್ಲ. ಅಂಚೆ ಕಚೇರಿಯ ಮತ್ತು ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂಗಳು ವಿದೇಶಿ ಕಾರ್ಡ್ ಸ್ವೀಕರಿಸುತ್ತವೆ, ಆದರೆ ಹಣ ತೆಗೆಯುವ ಕೆಲಸವನ್ನು ಒಸಾಕಾದಲ್ಲೇ ಮುಗಿಸುವುದು ಲೇಸು.

ತಂಗುವುದು, ಉಣ್ಣುವುದು

ಕೀ-ಕತ್ಸುಉರಾ ನಿಲ್ದಾಣದ ಸುತ್ತ ತಂಗುವುದು ಎಲ್ಲಕ್ಕಿಂತ ಅನುಕೂಲ. ಬಸ್ಸು ನಿಲ್ದಾಣದ ಎದುರಿನಿಂದಲೇ ಹೊರಡುತ್ತದೆ, ಬಂದರು ನಡೆದುಹೋಗುವಷ್ಟು ಹತ್ತಿರ, ಬಿಸಿನೀರಿನ ಬುಗ್ಗೆಯ ಸ್ನಾನವಿರುವ ವಸತಿಗೃಹಗಳೂ ಇವೆ. ರ್ಯೋಕಾನ್ ಅಥವಾ ಮಿನ್‌ಶುಕು ಎಂಬ ಸಾಂಪ್ರದಾಯಿಕ ವಸತಿಗಳಲ್ಲಿ ರಾತ್ರಿಯ ಊಟ ಮತ್ತು ಬೆಳಗಿನ ಉಪಾಹಾರ ಸೇರಿಸಿಯೇ ದರ ಹೇಳುತ್ತಾರೆ. ರಾತ್ರಿಯೂಟವೆಂದರೆ ಆರು, ಹೆಚ್ಚೆಂದರೆ ಏಳು ಗಂಟೆ; ತಡವಾಗಿ ಬಂದವರಿಗಾಗಿ ಒಲೆ ಮತ್ತೆ ಹಚ್ಚುವ ಪದ್ಧತಿಯಿಲ್ಲ.

ಸಸ್ಯಾಹಾರಿಗಳಿಗೆ ಈ ಭಾಗದಲ್ಲಿ ಸ್ವಲ್ಪ ಕಷ್ಟವಿದೆ. ಕತ್ಸುಉರಾ ಟ್ಯೂನಾ ಮೀನಿಗೆ ಹೆಸರಾದ ಬಂದರು. ಮೀನು ತಿನ್ನುವವರು ಬೆಳಿಗ್ಗೆ ಏಳರ ಹೊತ್ತಿಗೆ ಅಲ್ಲಿನ ಹರಾಜು ಕಟ್ಟೆಯ ಮಹಡಿಗೆ ಹೋದರೆ ನೆಲದುದ್ದಕ್ಕೂ ಸಾಲಾಗಿ ಮಲಗಿಸಿದ ಟ್ಯೂನಾಗಳ ನಡುವೆ ವ್ಯಾಪಾರಿಗಳು ಬಗ್ಗಿ, ಬಾಲದ ಕಡೆ ಕೊಯ್ದ ಮಾಂಸದ ಬಣ್ಣ ನೋಡಿ ಬೆಲೆ ಕಟ್ಟುವುದನ್ನು ಕಾಣಬಹುದು. ತಿನ್ನದವರು ಗಮನಿಸಬೇಕಾದದ್ದು ದಾಶಿ ಎಂಬ ಸಾರಿನ ತಿಳಿಯನ್ನು. ತರಕಾರಿ, ತೋಫು, ನೂಡಲ್ಸ್ ಎಂದು ಬಡಿಸಿದ ಬಹುತೇಕ ಪದಾರ್ಥಗಳಲ್ಲಿ ಒಣಮೀನು ಕುದಿಸಿ ತೆಗೆದ ಆ ತಿಳಿ ಇದ್ದೇ ಇರುತ್ತದೆ. ಕೊಠಡಿ ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ಬಾಗಿಲಿಗೆ ಬಂದ ಮೇಲೆ ಹೇಳಿದರೆ ಅವರಿಗೂ ಸಂಕಟ, ನಿಮಗೂ ಉಪವಾಸ. ಬಾಯಲ್ಲಿ ಹೇಳಬೇಕಾದರೆ ‘ನಿಕು ತೊ ಸಕಾನಾ ವಾ ತಬೆಮಾಸೆನ್, ಕತ್ಸುಓ ನೊ ದಾಶಿ ಮೊ ತಬೆಮಾಸೆನ್’ ಎಂದರೆ ಮಾಂಸ, ಮೀನು, ಒಣಮೀನಿನ ತಿಳಿ ಮೂರೂ ಬೇಡವೆಂದು ಅರ್ಥವಾಗುತ್ತದೆ. ಉಪ್ಪಿನಲ್ಲಿ ಹಾಕಿದ ಸಾಸಿವೆ ಜಾತಿಯ ಎಲೆಯಲ್ಲಿ ಅನ್ನದ ದೊಡ್ಡ ಉಂಡೆಯನ್ನು ಸುತ್ತಿ ಕೊಡುವ ಮೆಹರಿ-ಜುಶಿ ಇಲ್ಲಿನ ಮರ ಕಡಿಯುವವರ ಬುತ್ತಿ. ಒಳಗೆ ಮೀನಿಲ್ಲವೇ ಎಂದು ಕೇಳಿಕೊಂಡು ಕೊಂಡರೆ ನಡಿಗೆಯ ದಿನಕ್ಕೆ ಅದೇ ಸಾಕು. ಪುಡಿಚಟ್ನಿ, ಅವಲಕ್ಕಿ ಚೀಲದಲ್ಲಿದ್ದರೆ ನಾಚಿಕೆಪಡಬೇಕಾಗಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಕರಾವಳಿಗೆ ಭೂಕಂಪ ಮತ್ತು ಸುನಾಮಿಯ ಅಪಾಯವಿದೆ. ಬೀದಿಗಳಲ್ಲಿ ಎತ್ತರದ ಆಶ್ರಯತಾಣದ ಕಡೆಗೆ ಬಾಣದ ಗುರುತುಗಳಿರುತ್ತವೆ. ಕೊಠಡಿಗೆ ಹೋದೊಡನೆ ಆ ದಾರಿ ಯಾವುದೆಂದು ಒಮ್ಮೆ ಹೊರಗೆ ಬಂದು ನೋಡಿಕೊಳ್ಳಿ.

ಜಲಪಾತದ ದಿನ

ಬೆಳಗಿನ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿಯಿರಿ. ಹಿಂಬಾಗಿಲಿನಿಂದ ಹತ್ತಿ, ಪೆಟ್ಟಿಗೆಯಿಂದ ಸಂಖ್ಯೆಯಿರುವ ಚೀಟಿ ಎಳೆದುಕೊಳ್ಳಬೇಕು. ಇಳಿಯುವಾಗ ಚಾಲಕನ ಮೇಲಿನ ಫಲಕದಲ್ಲಿ ಆ ಸಂಖ್ಯೆಯ ಕೆಳಗೆ ಕಾಣುವ ಮೊತ್ತವನ್ನು ಚಿಲ್ಲರೆಯಾಗಿ ಡಬ್ಬಿಗೆ ಹಾಕಿ ಮುಂಬಾಗಿಲಿನಿಂದ ಇಳಿಯಬೇಕು. ಬಸ್ಸು ಜಲಪಾತದವರೆಗೆ ಹೋಗುತ್ತದಾದರೂ ನೀವು ಅದಕ್ಕೂ ಮೊದಲೇ, ಸುಮಾರು ಇಪ್ಪತ್ತು ನಿಮಿಷಕ್ಕೆ ಬರುವ ದೈಮೊನ್‌ಜಾಕಾದಲ್ಲಿ ಇಳಿಯಿರಿ.

ಶತಮಾನಗಳ ಕಾಲ ಚಕ್ರವರ್ತಿಗಳೂ ಸಾಮಾನ್ಯರೂ ಕಾಲ್ನಡಿಗೆಯಲ್ಲಿ ಬಂದ ಕುಮಾನೊ ಕೊದೊ ಯಾತ್ರಾಮಾರ್ಗದ ಒಂದು ತುಣುಕು ದೈಮೊನ್‌ಜಾಕಾ. ಈ ಮಾರ್ಗಗಳನ್ನೂ ಕ್ಷೇತ್ರಗಳನ್ನೂ ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಣ್ಣ ಕೆಂಪು ಸೇತುವೆಯೊಂದನ್ನು ದಾಟಿದರೆ ದಾರಿಯ ಎರಡೂ ಬದಿಗೆ ಗಂಡ-ಹೆಂಡತಿ ಎಂದು ಕರೆಯುವ ಎರಡು ಬೃಹತ್ ಸುಗಿ (ಜಪಾನಿ ಸೀಡರ್) ಮರಗಳು ಎದುರಾಗುತ್ತವೆ; ವಯಸ್ಸು ಸುಮಾರು 800 ವರ್ಷವೆನ್ನುತ್ತಾರೆ. ಅಲ್ಲಿಂದ 600 ಮೀಟರಿನಷ್ಟು ದೂರ, 267 ಮೆಟ್ಟಿಲು. ಕಲ್ಲುಗಳು ಒಂದರಂತೆ ಒಂದಿಲ್ಲ. ನಡುಭಾಗ ಸವೆದು ನುಣುಪಾಗಿದ್ದರೆ ಅಂಚಿನಲ್ಲಿ ಪಾಚಿ ದಟ್ಟವಾಗಿದೆ. ಮಳೆ ನಿಂತ ಮರುದಿನ ಇಲ್ಲಿ ಚಪ್ಪಲಿಯಲ್ಲಿ ನಡೆಯಬಾರದು, ಅಡಿಯಲ್ಲಿ ಹಿಡಿತವಿರುವ ಬೂಟು ಬೇಕು. ಬುಡದ ಚಹಾದಂಗಡಿಯಲ್ಲಿ ಸುಮಾರು ಸಾವಿರ ವರ್ಷ ಹಿಂದಿನ ಹೆಯಾನ್ ಕಾಲದ ಉಡುಪುಗಳನ್ನು ಬಾಡಿಗೆಗೆ ಕೊಡುತ್ತಾರೆ. ಅಷ್ಟೊಂದು ಪದರದ ನಿಲುವಂಗಿ ಎತ್ತಿಹಿಡಿದು ಈ ಮೆಟ್ಟಿಲು ಹತ್ತುವವರ ಧೈರ್ಯ ಮೆಚ್ಚಬೇಕಾದ್ದೇ.

ಅರ್ಧ ಗಂಟೆಯಲ್ಲಿ ಕಾಡು ಮುಗಿದು ಅಂಗಡಿಸಾಲು ಬರುತ್ತದೆ. ನಾಚಿಗುರೊ ಎಂಬ ಕಪ್ಪುಕಲ್ಲಿನ ಶಾಯಿಬಟ್ಟಲು ಮುಂತಾದ ವಸ್ತುಗಳನ್ನು ಇಲ್ಲಿ ಮಾರುತ್ತಾರೆ. ಗೊ ಎಂಬ ಹಲಗೆಯಾಟದ ಕಪ್ಪು ಕಾಯಿಗಳಿಗೂ ಇದೇ ಕಲ್ಲು ಪ್ರಸಿದ್ಧ. ಮುಂದೆ ಮತ್ತೆ 470ರಷ್ಟು ಮೆಟ್ಟಿಲು ಹತ್ತಿದರೆ ಕುಮಾನೊ ನಾಚಿ ತೈಶಾ ಎಂಬ, ಜಪಾನಿನ ಮೂಲ ಧರ್ಮವಾದ ಶಿಂತೊದ ದೇವಾಲಯ. ಅಂಗಳದಲ್ಲಿ 850 ವರ್ಷ ಹಳೆಯದೆನ್ನುವ ಕರ್ಪೂರದ ಮರವಿದೆ. ಅದರ ಪೊಳ್ಳು ಬುಡದೊಳಗೆ ನುಗ್ಗಿ ಮೇಲಿನ ಕಂಡಿಯಿಂದ ಏಣಿ ಹತ್ತಿ ಹೊರಬರಬಹುದು. ಮೂರು ಕಾಲಿನ ಕಾಗೆ ಇಲ್ಲಿನ ದೇವದೂತ. ಜಪಾನ್ ಫುಟ್‌ಬಾಲ್ ತಂಡದ ಎದೆಯ ಮೇಲಿರುವುದೂ ಅದೇ ಕಾಗೆ. ಕಾಗೆಗಳ ಚಿತ್ರವನ್ನೇ ಅಕ್ಷರವಾಗಿ ಜೋಡಿಸಿ ಅಚ್ಚೊತ್ತಿದ ರಕ್ಷಾಪತ್ರವೊಂದನ್ನು ಮಾರುತ್ತಾರೆ. ಹಿಂದೆ ಸಮುರಾಯ್‌ಗಳು ಅದರ ಬೆನ್ನಿನ ಮೇಲೆ ಆಣೆಯ ಮಾತುಗಳನ್ನು ಬರೆಯುತ್ತಿದ್ದರು. ನೆನಪಿಗೆ ಏನಾದರೂ ಕೊಳ್ಳುವುದಿದ್ದರೆ ಇದನ್ನು ಕೊಳ್ಳಿ.

ಒಂದೇ ಅಂಗಳದಾಚೆ ಸೇಗಾಂತೊ-ಜಿ ಎಂಬ ಬೌದ್ಧ ದೇವಾಲಯವಿದೆ. ಮೇಜಿ ಸರಕಾರ 1868ರಲ್ಲಿ ಶಿಂತೊ ಮತ್ತು ಬೌದ್ಧ ಕ್ಷೇತ್ರಗಳನ್ನು ಬೇರ್ಪಡಿಸಲು ಆಜ್ಞಾಪಿಸುವವರೆಗೆ ಎರಡೂ ಒಂದೇ ಕ್ಷೇತ್ರವಾಗಿದ್ದವು. ಈಗಿನ ಮುಖ್ಯ ಮಂದಿರವನ್ನು 1590ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಸೇನಾನಿ ತೊಯೊತೊಮಿ ಹಿದೆಯೊಶಿ ಕಟ್ಟಿಸಿದ್ದು. ಪಶ್ಚಿಮ ಜಪಾನಿನ ಮೂವತ್ಮೂರು ಕನ್ನೊನ್ ಕ್ಷೇತ್ರಗಳ ಯಾತ್ರೆ ಇಲ್ಲಿಂದಲೇ ಆರಂಭವಾಗುತ್ತದೆ. ಸ್ಥಳಪುರಾಣದ ಪ್ರಕಾರ ಇದನ್ನು ಸ್ಥಾಪಿಸಿದವನು ಭಾರತದಿಂದ ಕಡಲ ಮೇಲೆ ತೇಲಿಬಂದು, ಜಲಪಾತದಡಿ ತಪಸ್ಸು ಮಾಡಿದ ರಾಗ್ಯೊ ಎಂಬ ಬೆತ್ತಲೆ ಸನ್ಯಾಸಿ. ಕನ್ನೊನ್ ಎಂದರೆ ಕರುಣೆಯ ಬೋಧಿಸತ್ವನಾದ ನಮ್ಮ ಅವಲೋಕಿತೇಶ್ವರನೇ. ಮಂಗಳೂರಿನ ಕದ್ರಿಯಲ್ಲಿರುವ, ಕ್ರಿ.ಶ. 968ರ ಶಾಸನವುಳ್ಳ ಕಂಚಿನ ಲೋಕೇಶ್ವರನನ್ನು ಕಂಡವರಿಗೆ ಈ ದೇವರು ಹೊರಗಿನವನೆನಿಸುವುದಿಲ್ಲ. ನಡವಳಿಕೆಯಲ್ಲಿ ಒಂದು ವ್ಯತ್ಯಾಸ ನೆನಪಿಡಿ: ಶಿಂತೊ ದೇವರ ಮುಂದೆ ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ; ಬೌದ್ಧ ಮಂದಿರದಲ್ಲಿ ಚಪ್ಪಾಳೆಯಿಲ್ಲ, ಕೈಮುಗಿದರೆ ಆಯಿತು.

ಮಂದಿರದ ಪಕ್ಕದಿಂದ ಇಳಿಯುವಾಗ ಕೆಂಪು ಬಣ್ಣದ ಮೂರಂತಸ್ತಿನ ಗೋಪುರವೂ ಅದರ ಹಿಂದೆ ಬಿಳಿಗೆರೆಯಂತೆ ಜಲಪಾತವೂ ಒಟ್ಟಿಗೆ ಕಾಣುತ್ತವೆ. ಕ್ಯಾಲೆಂಡರುಗಳಲ್ಲಿ ಬರುವ ಚಿತ್ರ ಇದೇ. ಗೋಪುರ ಹಳೆಯದಲ್ಲ, 1972ರಲ್ಲಿ ಮರುನಿರ್ಮಾಣಗೊಂಡದ್ದು. ಮೇಲೆ ಹತ್ತುವುದಕ್ಕೆ ಶುಲ್ಕ ಕೊಡುವಷ್ಟು ಹೆಚ್ಚಿನ ನೋಟವೇನೂ ಸಿಗುವುದಿಲ್ಲ.

ಇನ್ನು ಜಲಪಾತ. ಕಲ್ಲಿನ ತೊರಿ ದ್ವಾರದಲ್ಲಿ ತಲೆಬಾಗಿ, ಸುಗಿ ಮರಗಳ ನೆರಳಿನಲ್ಲಿ ಅಗಲವಾದ ಮೆಟ್ಟಿಲಿಳಿದರೆ ಸದ್ದು ಮೊದಲು ಬರುತ್ತದೆ. ಕೆಳಗಿನ ಅಂಗಳದಿಂದ ನೋಡುವುದಕ್ಕೆ ಶುಲ್ಕವಿಲ್ಲ. ಇನ್ನೂ ಹತ್ತಿರದ ಪೂಜಾ ಕಟ್ಟೆಗೆ 300 ಯೆನ್. ಅದನ್ನು ಕೊಡಿ, ತುಂತುರು ಮುಖಕ್ಕೆ ತಾಗುವುದು ಅಲ್ಲಿಯೇ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕೂವರೆಯವರೆಗೆ ತೆರೆದಿರುತ್ತದೆ. ಕಣ್ಣನ್ನು ನೀರು ಜಾರುವ ಅಂಚಿಗೆ ಒಯ್ಯಿರಿ. ಅಲ್ಲಿ ಬಂಡೆಯಲ್ಲಿ ಮೂರು ಕೊರಕಲುಗಳಿದ್ದು ನೀರು ಮೂರು ಎಳೆಯಾಗಿ ಹೊರಟು ಕೆಳಗೆ ಬರುತ್ತಾ ಒಂದಾಗುತ್ತದೆ. ಎಳೆಗಳ ಮೇಲ್ಗಡೆ ಅಡ್ಡಲಾಗಿ ಒಂದು ಹಗ್ಗ, ಅದರಿಂದ ಇಳಿಬಿಟ್ಟ ಬಿಳಿಯ ಪಟ್ಟಿಗಳು. ಇದು ಪವಿತ್ರ ಸ್ಥಳವೆಂದು ಸಾರುವ ಶಿಮೆನಾವಾ. ವರ್ಷಕ್ಕೆರಡು ಬಾರಿ, ಜುಲೈ 9 ಮತ್ತು ಡಿಸೆಂಬರ್ 27ರಂದು, ಅರ್ಚಕರು ಬಿಳಿಯುಟ್ಟು ಮೇಲಿನ ಬಂಡೆಗೆ ಹೋಗಿ ಅದನ್ನು ಬದಲಿಸುತ್ತಾರೆ. ಬೇರೆ ಯಾರಿಗೂ ಅಲ್ಲಿ ಪ್ರವೇಶವಿಲ್ಲ. 2012ರಲ್ಲಿ ಬಂಡೆ ಹತ್ತಲು ಹೊರಟ ಮೂವರು ಪರ್ವತಾರೋಹಿಗಳನ್ನು ಪೊಲೀಸರು ಬಂಧಿಸಿದ್ದರು. ಮಡುವಿಗಿಳಿಯುವುದು, ಡ್ರೋನ್ ಹಾರಿಸುವುದು ಯಾವುದನ್ನೂ ಯೋಚಿಸಬೇಡಿ.

ಈ ಗೋಡೆ ಇಷ್ಟು ನೆಟ್ಟಗಿರುವುದಕ್ಕೆ ಕಾರಣ ಕಲ್ಲಿನಲ್ಲಿದೆ. ಸುಮಾರು 1.4 ಕೋಟಿ ವರ್ಷಗಳ ಹಿಂದೆ ಕುಮಾನೊದಲ್ಲಿ ನಡೆದ ಭಾರೀ ಅಗ್ನಿಪರ್ವತ ಚಟುವಟಿಕೆಯಿಂದ ಗಟ್ಟಿ ಅಗ್ನಿಶಿಲೆ ಉಂಟಾಯಿತು. ಅದಕ್ಕೆ ತಾಗಿಕೊಂಡಿರುವ ಕೆಳಭಾಗದ ಮೆದು ಜಲಜ ಶಿಲೆಯನ್ನು ಹೊಳೆ ಬೇಗ ಕೊರೆದುಹಾಕಿತು, ಗಟ್ಟಿಶಿಲೆ ಹಾಗೇ ಉಳಿಯಿತು.

ನಾಚಿಯಿಂದ ಮುಂದಕ್ಕೆ ಒಗುಮೊತೊರಿ-ಗೊಯೆ ಎಂಬ 14.5 ಕಿಲೊಮೀಟರಿನ ಕಾಡುದಾರಿ ಹೊರಡುತ್ತದೆ. ಉತ್ಸಾಹದಲ್ಲಿ ಮಧ್ಯಾಹ್ನ ಅದಕ್ಕೆ ಕಾಲಿಡಬೇಡಿ. ಇಡೀ ಕುಮಾನೊ ಕೊದೊದಲ್ಲಿ ಅತಿ ಕಠಿಣವೆನಿಸಿದ ಏರು ಅದು. ಬೆಳಗಿನ ಜಾವ ಹೊರಟು, ತುದಿಯ ಹಳ್ಳಿಯಲ್ಲಿ ಕೊಠಡಿ ಕಾಯ್ದಿರಿಸಿದವರಿಗೆ ಮಾತ್ರ.

ಇಳಿಯುವಾಗ ತಪ್ಪಿಸಬಾರದ ಒಂದು ನಿಲ್ದಾಣ

ಮರಳುವ ಬಸ್ಸಿನಲ್ಲಿ ನೇರವಾಗಿ ಕತ್ಸುಉರಾಕ್ಕೆ ಹೋಗದೆ ನಾಚಿ ರೈಲು ನಿಲ್ದಾಣದ ಬಳಿ ಇಳಿಯಿರಿ. ಮೂರು ನಿಮಿಷ ನಡೆದರೆ ಫುದಾರಾಕುಸಾನ್-ಜಿ ಎಂಬ ಪುಟ್ಟ ಮಂದಿರ. ಜಲಪಾತ ನೋಡಿದವರಲ್ಲಿ ಹೆಚ್ಚಿನವರು ಇದರ ಮುಂದೆಯೇ ಹಾದುಹೋದರೂ ಒಳಗೆ ಬರುವುದಿಲ್ಲ. ಅವಲೋಕಿತೇಶ್ವರನ ನೆಲೆಯಾದ ಪೋತಲಕ ಪರ್ವತ ದಕ್ಷಿಣ ಸಮುದ್ರದಾಚೆ ಇದೆಯೆಂದು ನಂಬಿದ್ದ ಇಲ್ಲಿನ ಭಿಕ್ಷುಗಳು ಅಲ್ಲಿಗೆ ದೋಣಿಯಲ್ಲಿ ಹೊರಡುತ್ತಿದ್ದರು. ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಆ ಪರ್ವತವನ್ನು ಗುರುತಿಸಿದ್ದು ದಕ್ಷಿಣ ಭಾರತದ ಮಲಯ ಪರ್ವತದ ಬಳಿ. 868ರಿಂದ 1722ರವರೆಗೆ ಇಂಥ ಯಾತ್ರೆಗಳು ನಡೆದ ದಾಖಲೆಯಿದೆ. ಅಂಗಳದ ಮಾಡಿನ ಕೆಳಗೆ ಆ ದೋಣಿಯ ಪ್ರತಿಕೃತಿಯನ್ನು ಇರಿಸಿದ್ದಾರೆ: ನಡುವೆ ಒಬ್ಬ ಕೂರುವಷ್ಟು ಮರದ ಗೂಡು, ಅದರ ನಾಲ್ಕೂ ಬದಿಗೆ ನಾಲ್ಕು ಕೆಂಪು ತೊರಿ. ಭಿಕ್ಷು ಒಳಗೆ ಕುಳಿತ ಮೇಲೆ ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆಯುತ್ತಿದ್ದರು. ಒಳಗಿರುತ್ತಿದ್ದುದು ಒಂದು ತಿಂಗಳಿಗಾಗುವಷ್ಟು ಆಹಾರ ಮತ್ತು ದೀಪದ ಎಣ್ಣೆ. ಜತೆಗೆ ಬಂದ ದೋಣಿಗಳು ಆಳಸಮುದ್ರದಲ್ಲಿ ಹಗ್ಗ ಕತ್ತರಿಸಿ ಮರಳುತ್ತಿದ್ದವು. ಕಾಲು ಗಂಟೆಯಲ್ಲಿ ನೋಡಿ ಮುಗಿಸಬಹುದಾದ ಸ್ಥಳ. ಆದರೆ ದಕ್ಷಿಣ ಭಾರತದಿಂದ ಹೋದವರು ಅಷ್ಟು ಬೇಗ ಹೊರಡಲಾರರು.

ಮರುದಿನ: ಹೊಂಗು ಮತ್ತು ಯುನೊಮಿನೆ

ರೈಲಿನಲ್ಲಿ ಶಿಂಗುಗೆ ಹೋಗಿ, ಅಲ್ಲಿಂದ ಕುಮಾನೊ ನದಿಯ ದಡದಲ್ಲೇ ಸಾಗುವ ಬಸ್ಸಿನಲ್ಲಿ ಒಂದು ಗಂಟೆಗೂ ಮೀರಿ ಪಯಣಿಸಿದರೆ ಹೊಂಗು. ನಾಚಿ ತೈಶಾವೂ ಸೇರಿದ ಕುಮಾನೊದ ಮೂರು ಪ್ರಧಾನ ದೇವಾಲಯಗಳಲ್ಲಿ ಇನ್ನೊಂದು ಇಲ್ಲಿದೆ. ಮೂಲ ದೇವಾಲಯ ನದಿಗಳು ಕೂಡುವಲ್ಲಿನ ಮರಳುದಿಬ್ಬದ ಮೇಲಿತ್ತು. 1889ರ ಪ್ರವಾಹ ಅದನ್ನು ಕೆಡವಿದ ಮೇಲೆ ಉಳಿದ ಕಟ್ಟಡಗಳನ್ನು ಬಿಚ್ಚಿ ಗುಡ್ಡದ ಮೇಲೆ ಮರುಜೋಡಿಸಿದರು. ಹಳೆಯ ಜಾಗವಾದ ಒಯುನೊಹಾರಾದಲ್ಲಿ ಗದ್ದೆಗಳ ನಡುವೆ 33.9 ಮೀಟರ್ ಎತ್ತರದ ತೊರಿ ನಿಂತಿದೆ. 2000ದಲ್ಲಿ ನಿಲ್ಲಿಸಿದ ಈ ಉಕ್ಕಿನ ದ್ವಾರಕ್ಕಿಂತ ಅದರ ಹಿಂದಿನ ಖಾಲಿ ಹುಲ್ಲುಗಾವಲೇ ನನಗೆ ಹೆಚ್ಚು ಹಿಡಿಸಿತು.

ಹೊಂಗುವಿನಿಂದ ಯುನೊಮಿನೆ ಸಮೀಪ. ಕಿರಿದಾದ ಹಳ್ಳದ ಎರಡೂ ಬದಿಗೆ ಬೆರಳೆಣಿಕೆಯ ವಸತಿಗೃಹಗಳು, ಗಾಳಿಯಲ್ಲಿ ಗಂಧಕದ ವಾಸನೆ. ಹಳ್ಳದೊಳಗಿನ ಬಂಡೆಯ ಮೇಲೆ ಹಲಗೆಯ ಗುಡಿಸಲಿನಲ್ಲಿರುವ ತ್ಸುಬೊಯು, ವಿಶ್ವ ಪರಂಪರೆಯ ಭಾಗವಾಗಿದ್ದೂ ಜನ ಸ್ನಾನ ಮಾಡುವ ಬಿಸಿನೀರಿನ ಗುಂಡಿ. ಚೀಟಿ ಕೊಂಡು ಸರದಿಗೆ ಕಾಯಬೇಕು; ಒಂದು ಗುಂಪಿಗೆ ಮೂವತ್ತು ನಿಮಿಷ. ಬೇರೆಯವರು ಒಳಗೆ ಬರುವುದಿಲ್ಲವಾದ್ದರಿಂದ, ಸಾರ್ವಜನಿಕ ಸ್ನಾನಗೃಹದಲ್ಲಿ ಬಟ್ಟೆ ಕಳಚಲು ಸಂಕೋಚಪಡುವ ನಮ್ಮವರಿಗೆ ಇದು ಹೇಳಿ ಮಾಡಿಸಿದಂತಿದೆ. ಸಾಮೂಹಿಕ ಸ್ನಾನಗೃಹಕ್ಕೆ ಹೋದರೆ ಮೊದಲು ಹೊರಗೆ ಕುಳಿತು ಮೈ ತೊಳೆದುಕೊಂಡು, ಅನಂತರವೇ ತೊಟ್ಟಿಗಿಳಿಯಬೇಕು.

ಸರದಿ ಬರುವವರೆಗೆ ಹಳ್ಳದ ಪಕ್ಕದಲ್ಲಿ, ಸುಮಾರು 90 ಡಿಗ್ರಿ ಬಿಸಿಯಿರುವ ಬುಗ್ಗೆಯ ಕಟ್ಟೆಯಲ್ಲಿ ಅಡುಗೆ ಮಾಡಿಕೊಳ್ಳಬಹುದು. ಅಂಗಡಿಯಲ್ಲಿ ಬಲೆಚೀಲದಲ್ಲಿ ಮೊಟ್ಟೆ, ಗೆಣಸು ಮಾರುತ್ತಾರೆ. ಚೀಲವನ್ನು ನೀರಿಗೆ ಇಳಿಬಿಟ್ಟು ದಾರವನ್ನು ಕಟ್ಟೆಗೆ ಸಿಕ್ಕಿಸಿದರೆ ಮೊಟ್ಟೆಗೆ ಹನ್ನೆರಡು ನಿಮಿಷ ಸಾಕು, ಗೆಣಸಿಗೆ ಅದಕ್ಕಿಂತ ಬಹಳ ಹೊತ್ತು ಬೇಕು. ಕೈಯನ್ನು ಮಾತ್ರ ನೀರಿಗೆ ತಾಗಿಸಬೇಡಿ. ಸಂಜೆಯ ಬಸ್ಸುಗಳು ಬೇಗ ಮುಗಿದುಬಿಡುತ್ತವೆ. ಇಳಿದ ಕೂಡಲೇ ಕಂಬದ ಮೇಲಿನ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ತಿರುಗಾಡಿ.

ಮರಳುವಾಗ

ಒಸಾಕಾದ ಕಡೆಗೆ ಹಿಂದಿರುಗುವವರು ಕುಶಿಮೊತೊದಲ್ಲಿ ಇಳಿದು ಒಂದು ರೈಲಿನ ಅಂತರದಷ್ಟು ಸಮಯ ಕಳೆಯಬಹುದು. ನಿಲ್ದಾಣದಿಂದ ಅರ್ಧ ಗಂಟೆಯೊಳಗಿನ ನಡಿಗೆಯಲ್ಲಿ ಹಶಿಗುಯಿ-ಇವಾ ಸಿಗುತ್ತದೆ: ಕಡಲಿನೊಳಗೆ ಸುಮಾರು 850 ಮೀಟರ್ ಉದ್ದಕ್ಕೆ ಕಂಬ ನೆಟ್ಟಂತೆ ಸಾಲಾಗಿ ನಿಂತ 40ರಷ್ಟು ಬಂಡೆಗಳು. ಮೆದು ಜೇಡಿಶಿಲೆಯ ಬಿರುಕಿನಲ್ಲಿ ನುಗ್ಗಿದ ಶಿಲಾಪಾಕ ಗಟ್ಟಿಯಾಗಿ, ಸುತ್ತಲಿನದನ್ನು ಅಲೆ ತಿಂದ ಮೇಲೆ ಉಳಿದ ಸಾಲು ಇದು. ನಾಚಿಯ ಗೋಡೆಯನ್ನು ಹುಟ್ಟಿಸಿದ ಅಗ್ನಿಪರ್ವತ ಕಾಲದ್ದೇ. ನೀರಿಳಿದ ಹೊತ್ತಿನಲ್ಲಿ ಹೋದರೆ ಬಂಡೆಗಳ ಬುಡದವರೆಗೆ ನಡೆಯಬಹುದು, ಹಾಗಾಗಿ ಆ ದಿನದ ಇಳಿತದ ಸಮಯವನ್ನು ವಸತಿಗೃಹದಲ್ಲಿ ಕೇಳಿಕೊಂಡು ಹೊರಡಿ. ಕುರೊಶಿಯೊ ರೈಲಿನ ಎಲ್ಲ ಆಸನಗಳೂ ಕಾಯ್ದಿರಿಸಿದವೇ ಆಗಿರುವುದರಿಂದ ಎರಡು ತುಂಡು ಪ್ರಯಾಣಕ್ಕೂ ಮೊದಲೇ ಟಿಕೆಟ್ ಮಾಡಿಸಿ, ಶಿನ್-ಒಸಾಕಾ ದಿಕ್ಕಿಗೆ ಎಡಬದಿಯ ಕಿಟಕಿ ಕೇಳಿ. ಕಡಲು ಆ ಕಡೆಗಿದೆ.